ಕಲ್ಲಿನ ಭಾರದಿಂದಲೇ ಕಲ್ಲನ್ನು ಹಿಡಿಯುವ ಇಕ್ಕಳ: ಒಂದು ಬೀದಿ ಕಾಮಗಾರಿಯ ಪ್ರಕರಣ ಅಧ್ಯಯನ

ಊರು, ಗುತ್ತಿಗೆದಾರರು, ಕೆಲಸಗಾರರು ಯಾರೆಂದು ಗೊತ್ತಾಗುವ ವಿವರಗಳನ್ನು ಇಲ್ಲಿ ಬಿಟ್ಟಿದೆ. ಅಳತೆಗಳನ್ನು ಮಾತ್ರ ಬಿಟ್ಟಿಲ್ಲ. ಬೇರೊಂದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಇದನ್ನೇ ನೋಡಿಕೊಂಡು ಇಂಥದ್ದೊಂದು ಸಲಕರಣೆ ಮಾಡಿಸಲು ಸಾಧ್ಯವಾಗಬೇಕು ಎಂಬ ಕಾರಣಕ್ಕೆ.

ಬೀದಿ ಮತ್ತು ಕೆಲಸ

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ. ಸಂತೆ ಮೈದಾನದ ಕಡೆ ಹೋಗುವ 340 ಮೀಟರ್ ಬೀದಿಯ ಎರಡೂ ಬದಿಗೆ 1.8 ಮೀಟರ್ ಅಗಲದ ಕಾಲುದಾರಿ ಆಗಬೇಕಿತ್ತು. ಅಂಚಿಗೆ ಕಾಂಕ್ರೀಟಿನ ಕರ್ಬ್ ಕಲ್ಲು, ಒಳಗೆ 60 ಮಿ.ಮೀ. ದಪ್ಪದ ಪೇವರ್, ಅಂದರೆ ನೆಲಕ್ಕೆ ಹಾಸುವ ಕಾಂಕ್ರೀಟು ಬಿಲ್ಲೆ. ಬೀದಿಯಲ್ಲಿ ಹಳೆಯ ಹೊಂಗೆ ಮರಗಳು ಹನ್ನೊಂದು ಇದ್ದವು, ಅವುಗಳ ನಡುವಿನ ಖಾಲಿ ಜಾಗಕ್ಕೆ ಹೊಸ ಸಸಿ ಹಾಕುವುದೂ ಅದೇ ಗುತ್ತಿಗೆಯಲ್ಲಿ ಸೇರಿತ್ತು.

ಕರ್ಬ್ ಕಲ್ಲಿನ ಅಳತೆ 450 × 300 × 150 ಮಿ.ಮೀ. ಕಾಂಕ್ರೀಟು ಘನ ಮೀಟರಿಗೆ 2,400 ಕೆ.ಜಿ. ಎಂದು ಹಿಡಿದರೆ ಒಂದು ಕಲ್ಲು ಹೆಚ್ಚುಕಡಿಮೆ 48.5 ಕೆ.ಜಿ. ತೂಗುತ್ತದೆ, ಅಂದರೆ ಒಂದು ಸಿಮೆಂಟ್ ಮೂಟೆಯಷ್ಟು. ಎರಡೂ ಬದಿ ಸೇರಿ ಇಂಥ ಸುಮಾರು 1,400 ಕಲ್ಲು ಕೂರಿಸಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸು ವಯಸ್ಕ ಗಂಡಾಳು ಹೊರುವ ಭಾರಕ್ಕೆ 55 ಕೆ.ಜಿ. ಮಿತಿ ಇಟ್ಟಿದೆ. ಆ ಲೆಕ್ಕಕ್ಕೆ ಈ ಕಲ್ಲು ಮಿತಿಯೊಳಗೇ ಇದೆ. ಆದರೆ ಸಿಮೆಂಟ್ ಮೂಟೆ ಬೆನ್ನಿಗೆ ಒರಗಿ ಕೂರುತ್ತದೆ, ಕರ್ಬ್ ಕಲ್ಲಿಗೆ ಹಿಡಿಯಲು ಒಂದು ಜಾಗವೂ ಇಲ್ಲ. ಕೂತ ಮೇಲೆ ಅದರ ಅರ್ಧ ಎತ್ತರ ನೆಲದೊಳಗೆ ಹೋಗಬೇಕು. ರಸ್ತೆಯಿಂದ ಮೇಲೆ 150 ಮಿ.ಮೀ. ಮಾತ್ರ ಕಾಣಬೇಕು. ಹಾಗಾಗಿ ಎತ್ತುವವರು ಬಗ್ಗಿ, ಬೆರಳನ್ನು ಕಲ್ಲಿನ ಅಡಿಗೆ ತೂರಿಸಿ, ಗುಂಡಿಯೊಳಗೆ ಇಳಿಸಬೇಕು.

ತೊಂದರೆ ಎಲ್ಲಿತ್ತು

ಕಲ್ಲನ್ನು ಕೂರಿಸುವುದು 100 ಮಿ.ಮೀ. ದಪ್ಪದ 1:4:8 (ಒಂದು ಪಾಲು ಸಿಮೆಂಟ್, ನಾಲ್ಕು ಮರಳು, ಎಂಟು ಜಲ್ಲಿ) ಕಾಂಕ್ರೀಟಿನ ಮೇಲೆ ಹಾಸಿದ 20ರಿಂದ 25 ಮಿ.ಮೀ. ಗಾರೆಗೆ. ಕೊನೆಯ ಒಂದು ಅಂಗುಲ ಇಳಿಸುವಾಗ ಅಡಿಯಲ್ಲಿರುವ ಬೆರಳನ್ನು ತೆಗೆಯಲೇಬೇಕು. ತೆಗೆದ ಕೂಡಲೇ ಕಲ್ಲು ದೊಪ್ಪನೆ ಬೀಳುತ್ತದೆ. ಬಿದ್ದ ಕಡೆ ಗಾರೆ ಒಂದು ಬದಿಗೆ ಹಿಂಡಿಹೋಗಿ ಕಲ್ಲು, ಸಾಲಿಗೆಂದು ಕಟ್ಟಿದ ದಾರದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಆಗ ಹಾರೆ ಹಾಕಿ ಮೀಟಬೇಕು. ಹಾರೆಯ ತುದಿ ತಾಗಿದ ಕಡೆ ಮೂಲೆ ಒಡೆಯುತ್ತದೆ. ಹೊಸ ಬೀದಿಗಳಲ್ಲಿ ಮೂಲೆ ಮುಕ್ಕಾದ ಕರ್ಬ್ ಕಲ್ಲು ಕಂಡರೆ ಅದು ಲಾರಿಯ ಚಕ್ರದಿಂದಲೇ ಆದದ್ದು ಎನ್ನಲಾಗದು, ಕೂರಿಸಿದ ದಿನವೇ ಆಗಿರಬಹುದು. ಇಲ್ಲಿಯೂ ಮೊದಲ ವಾರ ಹಾಗೇ ನಡೆಯಿತು. ಒಬ್ಬ ಕೆಲಸಗಾರನ ಎರಡು ಬೆರಳು ಜಜ್ಜಿಹೋದ ದಿನ ಮೇಸ್ತ್ರಿ ಕೆಲಸ ನಿಲ್ಲಿಸಿದರು.

ಮೊದಲು ಮಾಡಿ ನೋಡಿದ್ದು

ಹಗ್ಗದ ಕುಣಿಕೆ ಹಾಕಿ ಇಳಿಸಿದರು. ಬೆರಳು ಉಳಿಯಿತು, ಆದರೆ ಹಗ್ಗ ಕಲ್ಲಿನ ಅಡಿಯಲ್ಲೇ ಸಿಕ್ಕಿಕೊಂಡಿತು. ಎಳೆದು ತೆಗೆದರೆ ಗಾರೆಯೂ ಜೊತೆಗೇ ಕಿತ್ತು ಬರುತ್ತಿತ್ತು. ಜೆಸಿಬಿಯ ಬಕೆಟ್ಟಿಗೆ ಸರಪಳಿ ಕಟ್ಟಿ ಇಳಿಸುವ ಪ್ರಯತ್ನ ಅರ್ಧ ದಿನಕ್ಕೇ ಮುಗಿಯಿತು. ಮೇಲೆ ಹೊಂಗೆಯ ಕೊಂಬೆ, ವಿದ್ಯುತ್ ತಂತಿ. ಕೆಳಗೆ ಸರಪಳಿಯ ಕೊಂಡಿ ಕಲ್ಲಿನ ಅಂಚನ್ನೇ ಕಡಿಯುತ್ತಿತ್ತು.

ಮೂರನೆಯದಾಗಿ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಕಲ್ಲಿನ ಎರಡು ತುದಿಗಳನ್ನು, ಅಂದರೆ 450 ಮಿ.ಮೀ. ಉದ್ದವನ್ನು ಹಿಡಿಯುವ ಇಕ್ಕಳ ಮಾಡಿಸಿದರು. ಎತ್ತುವುದು ಹಗುರವಾಯಿತು. ಆದರೆ ದವಡೆಯೂ ಅದರ ರಬ್ಬರೂ ಸೇರಿ 25 ಮಿ.ಮೀ. ದಪ್ಪ. ಆಗಲೇ ಕೂತ ಕಲ್ಲಿಗೂ ಹೊಸ ಕಲ್ಲಿಗೂ ಇರಬೇಕಾದ ಸಂದು 10 ಮಿ.ಮೀ. ಮಾತ್ರ. ಹಾಗಾಗಿ ಪ್ರತಿ ಕಲ್ಲನ್ನೂ ದೂರ ಇಳಿಸಿ, ಆಮೇಲೆ ಹಾರೆಯಿಂದ ತಳ್ಳಿ ಹತ್ತಿರ ತರಬೇಕಾಯಿತು. ಹಾಸಿದ ಗಾರೆ ಮತ್ತೆ ಕೆಟ್ಟಿತು. ಸಾಲಾಗಿ ಕೂರಿಸುವ ಯಾವ ಕಲ್ಲನ್ನೂ ತುದಿಯಲ್ಲಿ ಹಿಡಿಯಬಾರದು. ಸಾಲಿಗೆ ಅಡ್ಡಲಾಗಿ, ಮುಂಬದಿ ಹಿಂಬದಿಗಳಲ್ಲಿ ಹಿಡಿಯಬೇಕು. ಹೇಳಿದರೆ ಇಷ್ಟೇ ಅನ್ನಿಸುತ್ತದೆ. ಆದರೆ ಮಾರಾಟಕ್ಕೆ ಬರುವ ಇಕ್ಕಳಗಳನ್ನು ಆರಿಸುವಾಗಲೂ ಜನ ಎಡವುವುದು ಇಲ್ಲೇ.

ಅಗಲ ಹಿಡಿಯುವ ಇಕ್ಕಳ

ಹೊಸ ಇಕ್ಕಳ 150 ಮಿ.ಮೀ. ಅಗಲವನ್ನು ಹಿಡಿಯುವಂತಿತ್ತು. ಕತ್ತರಿಯಂತೆ ಒಂದರ ಮೇಲೊಂದು ಹಾಯುವ ಎರಡು ತೋಳು, ನಡುವೆ ಬೋಲ್ಟು, ಕೆಳಗೆ ದವಡೆ. ತೋಳುಗಳ ಮೇಲಿನ ತುದಿಗಳಿಂದ ಎರಡು ಕೊಂಡಿ ಪಟ್ಟಿಗಳು ಏರಿ ಒಂದು ದಂಡಕ್ಕೆ ಸೇರುತ್ತವೆ. ದಂಡ ಕಲ್ಲಿನ ಉದ್ದಕ್ಕೇ ಇರುತ್ತದೆ. ಇಬ್ಬರು ಪಲ್ಲಕ್ಕಿ ಹಿಡಿದಂತೆ ಎರಡು ತುದಿ ಹಿಡಿದು ಎತ್ತುತ್ತಾರೆ. ಎತ್ತಿದಾಗ ಕೊಂಡಿಗಳು ತೋಳಿನ ಮೇಲ್ತುದಿಗಳನ್ನು ಒಳಕ್ಕೆ ಎಳೆಯುತ್ತವೆ, ದವಡೆಗಳು ಕಲ್ಲನ್ನು ಒತ್ತುತ್ತವೆ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ. ಕಲ್ಲು ಭಾರವಾದಷ್ಟೂ ಹಿಡಿತ ಬಿಗಿಯಾಗುತ್ತದೆ.

ಅಂಗಡಿಯ ಮುಂದೆ ಒಣ ಕಲ್ಲನ್ನು ಹತ್ತು ಸಲ ಎತ್ತಿದರು, ಒಮ್ಮೆಯೂ ಜಾರಲಿಲ್ಲ. ಬೀದಿಗೆ ತಂದ ಮೂರನೆಯ ದಿನ ಒದ್ದೆ ಕಲ್ಲೊಂದು ಮೊಣಕಾಲೆತ್ತರದಿಂದ ಜಾರಿ ಗುಂಡಿಯ ಅಂಚಿಗೆ ಬಿದ್ದು ಎರಡಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಅಂದಿನಿಂದ ಒದ್ದೆ ಕಲ್ಲನ್ನು ಒರೆಸಿಯೇ ಎತ್ತಬೇಕು ಎಂದು ತೀರ್ಮಾನವಾಯಿತು. ಎರಡು ದಿನ ಕಳೆದು ಒಣಬಿಸಿಲಲ್ಲಿ ಇನ್ನೊಂದು ಜಾರಿತು.

ಈ ಎರಡನೆಯ ಜಾರುವಿಕೆಯಿಂದ ಪ್ರಕರಣ ಬೇರೆ ದಿಕ್ಕಿಗೆ ತಿರುಗಿತು. ನೀರಿನ ಮೇಲೆ ತಪ್ಪು ಹಾಕಲು ಆಗದಂತಾಯಿತು. ಬಿದ್ದ ಕಲ್ಲಿನ ಮೈಗೆ ಒಂದು ಲೋಟ ನೀರು ಸುರಿದು ನೋಡಿದರು. ಕೆಲವು ಕಡೆ ನೀರು ಇಂಗಿತು, ಕೆಲವು ಕಡೆ ಹನಿಹನಿಯಾಗಿ ಕೆಸುವಿನ ಎಲೆಯ ಮೇಲೆ ನಿಂತಂತೆ ನಿಂತಿತು. ಅಚ್ಚಿನಿಂದ ಕಲ್ಲು ಸಲೀಸಾಗಿ ಬಿಡಲಿ ಎಂದು ಅಚ್ಚಿಗೆ ಬಳಿಯುವ ಎಣ್ಣೆ ಅಲ್ಲಿ ಉಳಿದುಕೊಂಡಿತ್ತು. ಆ ಲಾರಿಯಲ್ಲಿ ಬಂದ ಕಲ್ಲುಗಳಲ್ಲಿ ಹಲವಕ್ಕೆ ಹೀಗೇ ಎಣ್ಣೆ ಮೆತ್ತಿತ್ತು.

ಹಲಗೆಯ ಪರೀಕ್ಷೆ

ಎಷ್ಟು ಜಾರುತ್ತದೆ ಎಂದು ಅಳೆಯಲು ಯಂತ್ರ ಬೇಕಿಲ್ಲ. ಒಂದು ಮೀಟರ್ ಉದ್ದದ ಹಲಗೆಗೆ ದವಡೆಯ ರಬ್ಬರನ್ನೇ ಹೊಡೆದು, ಒಡೆದ ಕರ್ಬ್ ಕಲ್ಲಿನ ಚಪ್ಪಟೆ ತುಂಡನ್ನು ಅದರ ಮೇಲಿಟ್ಟು, ಹಲಗೆಯ ಒಂದು ತುದಿಯನ್ನು ನಿಧಾನಕ್ಕೆ ಎತ್ತಬೇಕು. ತುಂಡು ಜಾರಲು ತೊಡಗಿದಾಗ ತುದಿಯ ಎತ್ತರವನ್ನು ನೆಲದ ಮೇಲಿನ ಅಡ್ಡ ದೂರದಿಂದ ಭಾಗಿಸಿದರೆ ಘರ್ಷಣೆಯ ಅಂಕಿ ಸಿಗುತ್ತದೆ. ಒಣಗಿದ ಚೊಕ್ಕ ಮೈಗೆ 51 ಸೆಂ.ಮೀ. ಏರಿದಾಗ ಜಾರಿತು: ಅಂಕಿ 0.6. ಕಲ್ಲುಪುಡಿ ನೀರು ಸೇರಿ ರಾಡಿಯಾದ ಮೈಗೆ 37 ಸೆಂ.ಮೀ.: 0.4. ಎಣ್ಣೆಯ ಮೈಗೆ 29 ಸೆಂ.ಮೀ.: 0.3.

ಕಲ್ಲು ಜಾರದಿರಬೇಕಾದರೆ ಒಂದೊಂದು ದವಡೆಯ ಒತ್ತು ಕಲ್ಲಿನ ತೂಕದ ಎಷ್ಟರಷ್ಟಿರಬೇಕು? ಒಂದನ್ನು ಆ ಅಂಕಿಯ ಎರಡರಷ್ಟರಿಂದ ಭಾಗಿಸಿದರೆ ಉತ್ತರ. ಅಂಕಿ 0.6 ಆದರೆ ತೂಕದ 0.83 ಪಾಲು ಸಾಕು, 0.4 ಆದರೆ 1.25 ಬೇಕು, 0.3 ಆದರೆ 1.67 ಬೇಕು.

ಇಕ್ಕಳ ಎಷ್ಟು ಒತ್ತುತ್ತದೆ ಎಂಬುದು ಅದರ ಆಕಾರದಿಂದಲೇ ಬರುತ್ತದೆ. ನಡುವಿನ ಬೋಲ್ಟಿನಿಂದ ತೋಳಿನ ಮೇಲ್ತುದಿ ಎಷ್ಟು ಅಡ್ಡಕ್ಕೆ, ಎಷ್ಟು ಮೇಲಕ್ಕೆ ಇದೆ; ದವಡೆ ಎಷ್ಟು ಅಡ್ಡಕ್ಕೆ, ಎಷ್ಟು ಕೆಳಕ್ಕೆ ಇದೆ; ಕೊಂಡಿ ಎಷ್ಟು ಅಡ್ಡಕ್ಕೆ ಹೋಗಿ ಎಷ್ಟು ಏರುತ್ತದೆ; ಇಷ್ಟನ್ನು ಅಳೆದುಕೊಳ್ಳಬೇಕು. ಮೇಲ್ತುದಿ, ದವಡೆಗಳ ಎರಡು ಅಡ್ಡ ಅಳತೆಗಳನ್ನು ಕೂಡಿಸಿ. ಮೇಲ್ತುದಿಯ ಎತ್ತರವನ್ನು ಕೊಂಡಿಯ ಅಡ್ಡ ಅಳತೆಯಿಂದ ಗುಣಿಸಿ, ಕೊಂಡಿಯ ಏರಿನಿಂದ ಭಾಗಿಸಿ, ಅದನ್ನೂ ಸೇರಿಸಿ. ಬಂದ ಮೊತ್ತವನ್ನು ದವಡೆಯ ಇಳಿತದ ಎರಡರಷ್ಟರಿಂದ ಭಾಗಿಸಿ.

ಈ ಇಕ್ಕಳದಲ್ಲಿ ಮೇಲ್ತುದಿ 70 ಅಡ್ಡ, 160 ಮೇಲೆ. ದವಡೆ 75 ಅಡ್ಡ, 170 ಕೆಳಗೆ. ಕೊಂಡಿ 70 ಅಡ್ಡ, 80 ಏರು, ಎಲ್ಲವೂ ಮಿ.ಮೀ.ನಲ್ಲಿ. 70 + 75 + 140 = 285. ಅದನ್ನು 340ರಿಂದ ಭಾಗಿಸಿದರೆ 0.84. ಒಣ ಚೊಕ್ಕ ಕಲ್ಲಿಗೆ ಬೇಕಾದದ್ದು 0.83! ಅಂಗಡಿಯ ಮುಂದೆ ಹತ್ತು ಸಲ ಎತ್ತಿದ್ದು ಹತ್ತೂ ಸಲ ಕೂದಲೆಳೆಯಲ್ಲಿ ನಿಂತಿತ್ತು. ಒಂದಿಷ್ಟು ರಾಡಿಯೋ ಎಣ್ಣೆಯೋ ಸೇರಿದರೆ ಜಾರಲೇಬೇಕಿತ್ತು.

ಅಡಕತ್ತರಿಯ ಪಾಠ

ಇದಕ್ಕೆ ಮೊದಲು ಹೊಳೆದ ಪರಿಹಾರ ತಪ್ಪಾಗಿತ್ತು. "ಮೇಸ್ತ್ರಿ, ಕೆಳಗಡೆ ತೋಳು ಇನ್ನೊಂದು ನಾಲ್ಕು ಬೆರಳು ಉದ್ದ ಮಾಡಿಕೊಡ್ಲಾ? ಕಲ್ಲನ್ನ ಆಳದಲ್ಲಿ ಹಿಡ್ಕಳ್ಳುತ್ತೆ" ಎಂದು ವೆಲ್ಡರ್ ಕೇಳಿದ. ಆಳದಲ್ಲಿ ಹಿಡಿದರೆ ಬಿಗಿ ಎಂದು ಯಾರಿಗೂ ಅನ್ನಿಸುತ್ತದೆ. ಲೆಕ್ಕ ಹೇಳುವುದು ತಿರುಗುಮುರುಗು: ದವಡೆ ಬೋಲ್ಟಿನಿಂದ ಕೆಳಗಿಳಿದಷ್ಟೂ ಒತ್ತು ಕಡಿಮೆ. ಅಡಕತ್ತರಿ ಹಿಡಿದವರಿಗೆ ಇದು ಕೈಗೇ ಗೊತ್ತು. ಅಡಿಕೆಯನ್ನು ಕೀಲಿನ ಹತ್ತಿರ ಇಟ್ಟರೆ ಎರಡಾಗುತ್ತದೆ, ತುದಿಯಲ್ಲಿಟ್ಟರೆ ಎಷ್ಟು ಅದುಮಿದರೂ ಜಾರುತ್ತದೆ. ಮೇಸ್ತ್ರಿ ಅದನ್ನೇ ಹೇಳಿದರು: "ಬೇಡ ಕಣಪ್ಪಾ, ಬೋಲ್ಟನ್ನೇ ಕೆಳಗಿಳಿಸು."

ಹಾಗೆ ಆದ ಎರಡನೆಯ ಇಕ್ಕಳದ ಅಳತೆ: ದವಡೆ 75 ಅಡ್ಡ, 120 ಕೆಳಗೆ, ಮೇಲ್ತುದಿ 125 ಅಡ್ಡ, 200 ಮೇಲೆ, ಕೊಂಡಿ 125 ಅಡ್ಡ, 75 ಏರು. 125 + 75 + 333 = 533, ಅದನ್ನು 240ರಿಂದ ಭಾಗಿಸಿದರೆ 2.22. ಕಲ್ಲು 48.5 ಕೆ.ಜಿ. ಆದರೆ ಒಂದೊಂದು ದವಡೆ ಸುಮಾರು 108 ಕೆ.ಜಿ. ಒತ್ತುತ್ತದೆ. ಎಣ್ಣೆಯ ಮೈಗೆ ಬೇಕಾದ 1.67ಕ್ಕಿಂತಲೂ ಇದು ಸಾಕಷ್ಟು ಹೆಚ್ಚು.

ಮಾಡಿಸುವವರಿಗೆ ಭಾಗಗಳ ವಿವರ. ತೋಳಿಗೆ 32 × 8 ಮಿ.ಮೀ. ಕಬ್ಬಿಣದ ಪಟ್ಟಿ, ಒಂದೊಂದು 420 ಮಿ.ಮೀ. ಉದ್ದ, ಒಟ್ಟು ನಾಲ್ಕು. ಎರಡು ಜೊತೆ ಕತ್ತರಿ ಬೇಕು, ಅವುಗಳ ನಡುವೆ 200 ಮಿ.ಮೀ. ಅಂತರ, ಒಂದೇ ಜೊತೆಯಿದ್ದರೆ ಕಲ್ಲು ತಕ್ಕಡಿಯಂತೆ ತೂಗಾಡುತ್ತದೆ. ತೋಳು ನೇರವಾಗಿಯೇ ಇರುತ್ತದೆ, ಬಗ್ಗಿಸುವ ಕೆಲಸವಿಲ್ಲ. ಬೋಲ್ಟಿನ ತೂತಿನಿಂದ ಮೇಲಿನ ತೂತಿಗೆ 236, ಕೆಳಗಿನ ತೂತಿಗೆ 141 ಮಿ.ಮೀ. ಕೊಂಡಿ ಪಟ್ಟಿಯ ತೂತಿನಿಂದ ತೂತಿಗೆ 146. ದವಡೆ 50 × 50 × 6 ಆಂಗಲ್ (ಎಲ್ ಆಕಾರದ ಕಬ್ಬಿಣ), 250 ಮಿ.ಮೀ. ಉದ್ದ. ಅದಕ್ಕೆ ಹಳೆಯ ಕನ್ವೇಯರ್ ಬೆಲ್ಟಿನ 10 ಮಿ.ಮೀ. ದಪ್ಪದ ತುಂಡು. ಆಂಗಲ್ಲೂ ಬೆಲ್ಟೂ ಹಿಡಿಯುವ ದಪ್ಪವನ್ನು ತೋಳಿನ ಕೆಳತುದಿಯಲ್ಲಿ ಕಳೆದು, 75 ಎಂಬ ಅಳತೆ ಬೆಲ್ಟಿನ ಮುಖಕ್ಕೆ ಬರುವಂತೆ ನೋಡಿಕೊಳ್ಳಬೇಕು. ಬೆಲ್ಟನ್ನು ಅಂಟಿನಿಂದ ಅಂಟಿಸಬಾರದು, ಎಣ್ಣೆ ತಾಗಿದರೆ ಅಂಟು ಬಿಡುತ್ತದೆ. ತಲೆ ಒಳಗಿಳಿಯುವ ಬೋಲ್ಟು ಹಾಕಿ ಬಿಗಿಯಬೇಕು. ದಂಡಕ್ಕೆ ಒಂದು ಅಂಗುಲದ ಜಿಐ ಪೈಪು, 1.2 ಮೀಟರ್, ಎರಡೂ ತುದಿಗೆ 400 ಮಿ.ಮೀ. ಅಡ್ಡಹಿಡಿ. ಎಲ್ಲ ಸೇರಿ ಸುಮಾರು 11 ಕೆ.ಜಿ. ಕಲ್ಲಿನೊಂದಿಗೆ ಒಬ್ಬೊಬ್ಬರ ಪಾಲಿಗೆ 30 ಕೆ.ಜಿ. ಬರುತ್ತದೆ, ಅದೂ ಬಗ್ಗದೆ: ಕಲ್ಲು ನೆಲದ ಮೇಲಿದ್ದಾಗಲೇ ದಂಡ ಮೊಣಕಾಲಿನಿಂದ ಮೇಲಿರುತ್ತದೆ.

ದವಡೆಯನ್ನು ತೋಳಿಗೆ ನೇರ ವೆಲ್ಡ್ ಮಾಡಿದ್ದು ಮೊದಲ ಇಕ್ಕಳದ ಇನ್ನೊಂದು ತಪ್ಪು. ಕರ್ಬ್ ಕಲ್ಲಿನ ರಸ್ತೆ ಬದಿಯ ಮುಖ ಎಷ್ಟೋ ಅಚ್ಚುಗಳಲ್ಲಿ ಸ್ವಲ್ಪ ಓರೆ, ಮೇಲೆ ಕಿರಿದು. ಗಟ್ಟಿ ದವಡೆ ಅಂಥ ಮುಖಕ್ಕೆ ಗೆರೆಯಷ್ಟೇ ತಾಗುತ್ತದೆ. ಒತ್ತೆಲ್ಲ ಆ ಗೆರೆಯ ಮೇಲೆ ಬಿದ್ದು ಅಂಚು ಸೀಳುತ್ತದೆ. ಎರಡನೆಯದರಲ್ಲಿ ದವಡೆಯನ್ನು 12 ಮಿ.ಮೀ. ಪಿನ್ನಿನ ಮೇಲೆ ಆಡುವಂತೆ ಕೂರಿಸಿದರು. ಮುಖ ಹೇಗಿದ್ದರೂ ಬೆಲ್ಟು ಪೂರ್ತಿ ಒರಗುತ್ತದೆ. ಆದರೂ ಕಲ್ಲಿನ ತಲೆಯಿಂದ 60 ಮಿ.ಮೀ. ಕೆಳಗೇ ಹಿಡಿಯಬೇಕು, ಅದಕ್ಕಿಂತ ಮೇಲೆ ಹಿಡಿದರೆ ಮೂಲೆ ಉಳಿಯುವ ಭರವಸೆಯಿಲ್ಲ. ಓರೆ ಮುಖದ ಕಲ್ಲಿಗೆ ಹಿಡಿತವೂ ಕೊಂಚ ಕಡಿಮೆ, ಏಕೆಂದರೆ ದವಡೆ ಕಿರಿದಾದ ಕಡೆಗೆ ಜಾರಲು ಹವಣಿಸುತ್ತದೆ. ಹೆಚ್ಚಿನ ಒತ್ತು ಬೇಕೆನ್ನಲು ಅದೂ ಒಂದು ಕಾರಣ.

ನಡುವಿನ ಬೋಲ್ಟು ಮೊದಲು 12 ಮಿ.ಮೀ. ಇತ್ತು. ಅದು ಬಗ್ಗಿದ್ದು ಹೊಸ ಕಲ್ಲು ಎತ್ತುವಾಗಲ್ಲ, ಗಾರೆ ಕಚ್ಚಿಕೊಂಡಿದ್ದ ಹಳೆಯ ಕಲ್ಲನ್ನು ನಾಲ್ಕು ಜನ ಸೇರಿ ಇಕ್ಕಳದಿಂದಲೇ ಕೀಳಲು ಹೋದಾಗ. ಇಕ್ಕಳದ ಒತ್ತು ಎಳೆದಷ್ಟೂ ಏರುತ್ತದೆ. ಅಂಟಿಕೊಂಡ ಕಲ್ಲಿನಲ್ಲಿ ಆ ಏರಿಕೆಗೆ ಕೊನೆಯೇ ಇಲ್ಲ, ಬೋಲ್ಟೋ ಕಲ್ಲೋ ಒಂದು ಸೋಲಬೇಕು. ಆಮೇಲೆ 16 ಮಿ.ಮೀ. ಬೋಲ್ಟು, ಸಡಿಲವಾಗದ ನೈಲಾಕ್ ನಟ್ಟು ಬಂದವು. ಹಳೆಯ ಕಲ್ಲನ್ನು ಮೊದಲು ಉಳಿ, ಹಾರೆಗಳಿಂದ ಗಾರೆ ಬಿಡಿಸಿ, ಅಲುಗಾಡುವಂತೆ ಮಾಡಿ, ಆಮೇಲಷ್ಟೇ ಇಕ್ಕಳ ಹಾಕಬೇಕು.

ಬೀದಿಯಲ್ಲಿ ನಡೆದದ್ದು

ಕ್ರಮ ಹೀಗೆ ಗಟ್ಟಿಯಾಯಿತು. ಲಾರಿಯಿಂದ ಇಳಿಸುವಾಗಲೇ ಪ್ರತಿ ಕಲ್ಲಿಗೆ ನೀರು ಚಿಮುಕಿಸಿ ನೋಡುವುದು. ಹನಿ ನಿಂತರೆ ಆ ಕಲ್ಲನ್ನು ಬೇರೆ ಸಾಲಿಗಿಟ್ಟು, ದವಡೆ ತಾಗುವ ಜಾಗವನ್ನು ಸೋಪಿನ ಪುಡಿ ಹಾಕಿ ತಂತಿ ಬ್ರಷ್ಷಿನಿಂದ ಉಜ್ಜುವುದು. ರಾಡಿ ಅಂಟಿದ್ದರೆ ತೆಂಗಿನ ನಾರಿನಿಂದ ಒರೆಸುವುದು. ಹಿಡಿತ ಹೆಚ್ಚಿಸಿದ ಮೇಲೂ ಈ ಕೆಲಸ ಬಿಡಲಿಲ್ಲ, ಬಿಡಲೂ ಬಾರದು. ಎತ್ತುವ ಮೊದಲು ಒಂದು ಬೆರಳಷ್ಟೇ ಎತ್ತಿ ಒಂದು ಕ್ಷಣ ತಡೆದು, ಜಾರದಿದ್ದರೆ ಮಾತ್ರ ಮುಂದೆ. ಮೊಣಕಾಲಿಗಿಂತ ಮೇಲೆ ಎತ್ತಕೂಡದು, ಕೆಳಗೆ ಯಾರ ಪಾದವೂ ಇರಕೂಡದು. ಈಗಾಗಲೇ ಕೂತ ಕಲ್ಲುಗಳ ಕಡೆ ನಿಲ್ಲುವವರು ಈಗಷ್ಟೇ ಕೂತ ಕಲ್ಲಿನ ಮೇಲೆ ಕಾಲಿಡದೆ ಅದರ ಎರಡು ಬದಿಗೆ ಕಾಲಿಟ್ಟು ನಿಲ್ಲಬೇಕು.

ಕಲ್ಲು ಗಾರೆಗೆ ತಾಗಿದ ಮೇಲೂ ಭಾರವನ್ನು ಒಮ್ಮೆಲೇ ಬಿಡದೆ, ಮೇಸ್ತ್ರಿ ಮರದ ಸುತ್ತಿಗೆಯಿಂದ ದಾರದ ಮಟ್ಟಕ್ಕೆ ತಟ್ಟುವವರೆಗೆ ಅರ್ಧ ಭಾರ ಕೈಯಲ್ಲಿ ಹಿಡಿದುಕೊಂಡಿರಲು ಇಕ್ಕಳದಿಂದ ಸಾಧ್ಯವಾಯಿತು. ಅದಕ್ಕೇ ಗಾರೆ ಸಮನಾಗಿ ಉಳಿಯಿತು. ಭಾರ ಇಳಿದ ಮೇಲೆ ದಂಡವನ್ನು ಕೆಳಗೊತ್ತಿದರೆ ದವಡೆ ತೆರೆಯುತ್ತದೆ. ತೆರೆದೇ ಇರಲು 8 ಮಿ.ಮೀ. ಸರಳಿನ ಒಂದು ಕೊಕ್ಕೆ ಸಾಕು. ಈ ಕೊಕ್ಕೆಯಿಲ್ಲದ ದಿನಗಳಲ್ಲಿ ಖಾಲಿ ಇಕ್ಕಳ ಹೊತ್ತು ವಾಪಸು ನಡೆಯುವಾಗ ದವಡೆಗಳು ಪಟ್ಟನೆ ಮುಚ್ಚಿ ಮೊಣಕಾಲಿಗೆ ಬಡಿಯುತ್ತಿದ್ದವು.

ಹಳೆಯ ಹೊಂಗೆ ಮರಗಳ ಬುಡದಲ್ಲಿ ಇಕ್ಕಳದಿಂದ ಇನ್ನೊಂದು ಲಾಭವೂ ಆಯಿತು. ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ಅಷ್ಟು ಜಾಗ ಬಿಡಬೇಕೆಂಬ ತಿಳಿವಳಿಕೆ ಈ ಊರಿನ ಎಂಜಿನಿಯರಿಗೂ ಇತ್ತು. ಆದರೆ ಬೇರು ಎತ್ತಿದ ಹಳೆಯ ಕರ್ಬ್ ಕಲ್ಲನ್ನು ಒಡೆಯದೆ ತೆಗೆಯುವ ದಾರಿ ಇರಲಿಲ್ಲ, ಆದ್ದರಿಂದ ಬೇರನ್ನೇ ಕಡಿಯುವುದು ವಾಡಿಕೆಯಾಗಿತ್ತು. ಈಗ ಕಲ್ಲನ್ನು ಇಡಿಯಾಗಿ ಎತ್ತಿ ಬದಿಗಿಟ್ಟು, ಬೇರಿನ ಮೇಲೆ ಸೇತುವೆಯಂತೆ ಅಡಿ ಕಾಂಕ್ರೀಟು ಹಾಕಿ, ಅದೇ ಕಲ್ಲನ್ನು ಮತ್ತೆ ಕೂರಿಸಿದರು. ಮರದ ಬೇರಿನ ಮೇಲೆ ಕೊಡಲಿ ಬೀಳದಂತೆ ಮಾಡುವ ಯಾವ ಸಲಕರಣೆಯೂ ಕಾಲುದಾರಿಯ ಕೆಲಸಕ್ಕೆ ಅಗತ್ಯವಾದದ್ದೇ.

ಸಸಿಗೆ ಇಕ್ಕಳ ಒಗ್ಗಲಿಲ್ಲ

ಇಕ್ಕಳ ಗೆದ್ದ ಉತ್ಸಾಹದಲ್ಲಿ ಅದರದೇ ಹೆಚ್ಚು ಅಗಲದ ನಕಲೊಂದನ್ನು ಸಸಿ ಸಾಗಿಸಲು ಮಾಡಿಸಿದರು. ಹೊಂಗೆ, ಹೊಳೆ ದಾಸವಾಳದ ಸಸಿಗಳು ಖಾಲಿಯಿದ್ದಾಗ ಚಪ್ಪಟೆ ಅಗಲ 18 ಅಂಗುಲ ಇರುವ ಚೀಲಗಳಲ್ಲಿ ಬಂದಿದ್ದವು. ಮಣ್ಣು ತುಂಬಿ ಅಗಲಿಸಿದ ಚೀಲ ಸುಮಾರು 29 ಸೆಂ.ಮೀ. ಅಡ್ಡಳತೆ, 40 ಸೆಂ.ಮೀ. ಎತ್ತರ, ತೂಕ 40 ಕೆ.ಜಿ. ಆಸುಪಾಸು. ಕಲ್ಲಿಗೆ ಬೇಕಾಗಿದ್ದ ಗುಣವೇ ಇಲ್ಲಿ ಕೇಡಾಯಿತು. ತೂಕದ ಎರಡರಷ್ಟಕ್ಕಿಂತ ಹೆಚ್ಚು ಒತ್ತುವ ದವಡೆ ಹಸಿ ಮಣ್ಣಿನ ಮುದ್ದೆಯನ್ನು ಹಿಂಡಿ ಸೀಳಿತು, ಮಣ್ಣಿನ ಜೊತೆ ಎಳೆಬೇರುಗಳು ಹರಿದವು. ಹೊರಗಿನಿಂದ ಚೀಲ ಚೆನ್ನಾಗಿಯೇ ಕಾಣುತ್ತಿತ್ತು. ನೆಟ್ಟ ವಾರದೊಳಗೆ ಮೊದಲ ಸಸಿಗಳು ಎಲೆ ಜೋತುಹಾಕಿದಾಗ ನೀರು ಸಾಲದೆಂದು ಭಾವಿಸಿ ಇನ್ನಷ್ಟು ಸುರಿದರು. ಒಂದನ್ನು ಕಿತ್ತು ನೋಡಿದ ಮೇಲೆ ಕಾರಣ ಗೊತ್ತಾಯಿತು.

ಗಟ್ಟಿ ವಸ್ತುವನ್ನು ಒತ್ತಿ ಹಿಡಿಯಬಹುದು, ಬೇರಿನ ಮುದ್ದೆಯನ್ನು ಕೆಳಗಿನಿಂದ ಹೊರಬೇಕು. ಎರಡು ಗೋಣಿಚೀಲ ಬಿಚ್ಚಿ ಜೋಡಿಸಿ ಹೊಲಿದು 90 × 60 ಸೆಂ.ಮೀ. ಹಾಸು ಮಾಡಿ, 60ರ ಎರಡು ಅಂಚುಗಳಲ್ಲಿ ಬಿದಿರು ತೂರಿಸಿ ಜೋಲಿ ಮಾಡಿದರು. ಚೀಲವನ್ನು ಓರೆ ಮಾಡಿ ಅಡಿಗೆ ಹಾಸು ಸರಿಸಿ, ನೆಟ್ಟಗೆ ನಿಲ್ಲಿಸಿ, ಇಬ್ಬರು ಎತ್ತಿ ಗುಣಿಗೆ ಇಳಿಸುವುದು. ಒಂದು ಬಿದಿರು ಎಳೆದುಕೊಂಡು ಹಾಸನ್ನು ಪಕ್ಕಕ್ಕೆ ಜಾರಿಸಿ ತೆಗೆಯುವುದು. ಪ್ಲಾಸ್ಟಿಕ್ ಚೀಲವನ್ನು ಗುಣಿಯೊಳಗೇ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸುವುದು. ಕಾಂಡ ಹಿಡಿದು ಎತ್ತುವುದಂತೂ ಬೇಡವೇ ಬೇಡ.

ನೀರಿಗೆಂದು ಪ್ರತಿ ಗುಣಿಯಲ್ಲಿ 75 ಮಿ.ಮೀ. ಪಿವಿಸಿ ಪೈಪಿನ 60 ಸೆಂ.ಮೀ. ತುಂಡು ನಿಲ್ಲಿಸಿದರು. ಕೆಳಗಿನ 40 ಸೆಂ.ಮೀ.ಗೆ 8 ಮಿ.ಮೀ. ತೂತುಗಳು, ಒಳಗೆ 20 ಮಿ.ಮೀ. ಜಲ್ಲಿ. ಪೇವರಿನ ಸಮಕ್ಕೆ ಪೈಪಿನ ಬಾಯಿ ಇಟ್ಟದ್ದರಿಂದ ಮೊದಲ ಮಳೆಗೇ ಬೀದಿಯ ಹೂಳು ಒಳಗೆ ಹರಿದು ಜಲ್ಲಿ ಕಟ್ಟಿಕೊಂಡಿತು. ಬಾಯಿಯನ್ನು 5 ಸೆಂ.ಮೀ. ಮೇಲಕ್ಕೆತ್ತಿ ತೂತಿನ ಮುಚ್ಚಳ ಹಾಕಿದ ಮೇಲೆ ಸರಿಹೋಯಿತು. ಜಲ್ಲಿ ತುಂಬಿದ ಪೈಪು ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಮಾತ್ರ ಹಿಡಿಯುತ್ತದೆ, ಆದ್ದರಿಂದ ಟ್ಯಾಂಕರಿನ ಪೈಪನ್ನು ಜೋರಾಗಿ ಬಿಟ್ಟರೆ ಪ್ರಯೋಜನವಿಲ್ಲ. ಸಣ್ಣ ಧಾರೆಯಲ್ಲಿ, ಇಂಗಿದಷ್ಟು ಇಂಗಿದಷ್ಟು ಹಾಕಬೇಕು.

ಮುಂದಿನ ಬೀದಿಗೆ 600 ಮಿ.ಮೀ. ಉದ್ದದ ಕಲ್ಲು ಬರಲಿದೆ, ತೂಕ ಸುಮಾರು 65 ಕೆ.ಜಿ. ಅಗಲ ಅದೇ 150 ಆದ್ದರಿಂದ ತೋಳು, ಕೊಂಡಿ, ಬೋಲ್ಟಿನ ಅಳತೆ ಬದಲಾಗುವುದಿಲ್ಲ. ದಂಡವನ್ನು 1.5 ಮೀಟರ್ ಮಾಡಿ, ಅಡ್ಡಹಿಡಿಯನ್ನು 700 ಮಿ.ಮೀ.ಗೆ ಉದ್ದ ಮಾಡಿದ್ದಾರೆ. ಒಂದೊಂದು ತುದಿಗೆ ಇಬ್ಬರಂತೆ ನಾಲ್ಕು ಜನ ಹಿಡಿಯಲು.